ಕೆಂಚಿಯನ್ನು ಹಿಂದೆ ಕಳಿಸಿದ ದಿನ

ಇವತ್ತು ಬೆಳಿಗ್ಗೆ ಬನಹಟ್ಟಿಯಿಂದ ಸೀರೆ ಗಂಟುಗಳನ್ನು ಹೇರಿಕೊಂಡು ಜಮಖಂಡಿಗೆ ಹೊರಟಿದ್ದೆ. ಗಾಡಿಯ ಮುಂದಿನ ಗಾಜಿನ ಮೇಲೆ ನನ್ನದೇ ಉಸಿರು ಕೂತು ದಾರಿ ಮಬ್ಬಾಯಿತು. ಒರೆಸಲು ಎತ್ತಿದ ಕೈ ಹಾಗೇ ನಿಂತಿತು. ಮಬ್ಬಾದ ಗಾಜು ಕಂಡರೆ ನನಗೆ ಒಂದು ನಾಯಿ ನೆನಪಾಗುತ್ತದೆ. ಅದರ ಹಿಂದೆಯೇ ನಾಚಿಕೆ ಬರುತ್ತದೆ.

ನಮ್ಮ ಕಡೆಯ ಚಳಿಗಾಲ ನಿಮಗೆ ಗೊತ್ತೋ ಇಲ್ಲವೋ. ಹೊಳೆಸಾಲಿನ ಕಬ್ಬಿನ ಹೊಲಗಳಿಂದ ಮಂಜು ಎದ್ದು ಬಂದು ರಸ್ತೆಯ ಮೇಲೆ ಮಲಗಿಬಿಡುತ್ತದೆ. ಕಬ್ಬು ಕಡಿಯುವ ಕಾಲವೂ ಅದೇ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಒಂದು ದೀಪವಿರುವುದಿಲ್ಲ, ಹಾಡು ಮಾತ್ರ ಮೂರು ಊರಿಗೆ ಕೇಳಿಸುತ್ತದೆ. ಆ ಹಾಡು ಕೇಳಿಯೇ ಬ್ರೇಕ್ ತುಳಿಯುವ ಡ್ರೈವರ್ ನಾನು. ನನ್ನ ಸಣ್ಣ ಟ್ರಕ್ಕಿನಲ್ಲಿ ಗಾಜಿಗೆ ಗಾಳಿ ಬಿಡುವ ಫ್ಯಾನು ಕೆಟ್ಟು ಎಷ್ಟೋ ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸದಿರಲು ಪ್ರತಿ ಚಳಿಗಾಲಕ್ಕೂ ನನ್ನ ಹತ್ತಿರ ಹೊಸದೊಂದು ಕಾರಣ ಸಿದ್ಧವಿರುತ್ತಿತ್ತು.

ಆರು ವರ್ಷದ ಹಿಂದೆ ಅಂಥದೇ ಒಂದು ಬೆಳಿಗ್ಗೆ ಊರ ಹೊರಗೆ ಬೀರಪ್ಪ ಕಾಕಾ ಕೈ ಅಡ್ಡ ಮಾಡಿದರು. ಕುರಿ ಕಾಯುವವರು, ಅರವತ್ತು ದಾಟಿದವರು. ವರ್ಷಕ್ಕೊಮ್ಮೆ ನಮ್ಮ ಮನೆಗೆ ಕಂಬಳಿ ತಂದುಕೊಡುವಷ್ಟು ಪರಿಚಯ. ತೋಳಲ್ಲಿ ಅವರ ಮುಧೋಳ ನಾಯಿ ಕೆಂಚಿ ಇತ್ತು, ಹೊಟ್ಟೆ ತುಂಬಿಕೊಂಡು.

"ಸಾವ್ಕಾರ್ರ, ನಿನ್ನಿ ಸಂಜಿಯಿಂದ ತಿಣಕಾಕತ್ತೈತ್ರಿ. ಮರಿ ಹೊರಗ ಬರವಲ್ವರಿ. ಮುಧೋಳ ದನದ ದವಾಖಾನಿಗಿ ಮುಟ್ಟಸ್ರಿ."

"ಹತ್ರಿ ಕಾಕಾ," ಎಂದೆ. ಅಲ್ಲಿಯವರೆಗೆ ನಾನು ಒಳ್ಳೆಯವನೇ.

ಮುಧೋಳ ನಾಯಿಯನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಒಳಗೆ ಎಳೆದುಕೊಂಡ ಹೊಟ್ಟೆ, ಉದ್ದ ಮೂತಿ, ಗಾಳಿಯ ಜೊತೆ ಪಂದ್ಯ ಕಟ್ಟುವ ಕಾಲು. ಆ ಮೈಮೇಲಿನ ಕೂದಲು ಎಷ್ಟು ತೆಳುವೆಂದರೆ ಚಳಿಗೆ ಅದೊಂದು ಅಡ್ಡಿಯೇ ಅಲ್ಲ. ಕೆಂಚಿ ಅಂದು ಕಾಕಾನ ತೊಡೆಯ ಮೇಲೆ ಮುದುಡಿ, ನಾಲಿಗೆ ಇಳಿಬಿಟ್ಟು ಏದುತ್ತಿತ್ತು. ಆ ಬಿಸಿಯುಸಿರೆಲ್ಲ ಗಾಜಿಗೆ ಹತ್ತಿ, ಒರೆಸಿದಷ್ಟೂ ಮತ್ತೆ ಮಬ್ಬಾಗುತ್ತಿತ್ತು. ಮಹಾಲಿಂಗಪುರ ದಾಟಿದ ಮೇಲೆ ಹಾಡಿಲ್ಲದ ಒಂದು ಟ್ರೇಲರ್ ಮಂಜಿನೊಳಗಿಂದ ಧುತ್ತೆಂದು ಎದುರಾಯಿತು. ಬ್ರೇಕ್ ತುಳಿದೆ. ಗಾಡಿ ಮೊಳ ದೂರದಲ್ಲಿ ನಿಂತಿತು. ಕೆಂಚಿ ಜಾರಿ ನನಗೆ ಬಡಿದು, ನನ್ನ ಪ್ಯಾಂಟೆಲ್ಲ ಒದ್ದೆ ಮಾಡಿತು.

ಹೆದರಿಕೆ ಸಿಟ್ಟಾಗಲು ಎಷ್ಟು ಹೊತ್ತು? "ಏ, ಇದನ್ನ ಹಿಂದ ಒಯ್ಯೋ! ಕಣ್ಣ ಕಾಣವಲ್ದು ನನಗ!" ಎಂದು ಕೂಗಿದೆ. ಕಾಕಾ ಎಂದಿದ್ದ ಬಾಯಿಂದಲೇ ಬಂತು ಆ 'ಒಯ್ಯೋ'.

"ಹಿಂದ ಥಂಡಿ ಭಾಳ ಐತ್ರಿ..."

"ಹಂಗಾರ ಇಲ್ಲೇ ಇಳಿ. ಮತ್ತ ಸೀರಿ ಗಂಟಿಗಿ ನಾಯಿ ತಾಗಬಾರ್ದು ನೋಡು."

ಅವರು ಇಳಿದರು. ಕೆಂಚಿಯನ್ನು ಎತ್ತಿಕೊಂಡು ಹಿಂದೆ ಹತ್ತಿದರು. ಗಾಜು ತಿಳಿಯಾಯಿತು. ಹೇಳಲೇಬೇಕು, ಉಳಿದ ದಾರಿಯಲ್ಲಿ ನಾನು ಒಂದು ಹಾಡನ್ನೂ ಗುನುಗಿದೆ.

ದವಾಖಾನೆಯ ಮುಂದೆ ಇಳಿದು ನೋಡುತ್ತೇನೆ, ಕಾಕಾನ ಕಂಬಳಿ ನನ್ನ ಗಂಟುಗಳ ಮೇಲೆ ಹರಡಿದೆ! "ನಾಯಿ ಕೂದಲಾ ಹತ್ತಂಗಿಲ್ಲೇನು ಸೀರಿಗಿ?" ಎಂದು ರೇಗಿದೆ.

"ತಾಡಪತ್ರಿ ಹಗ್ಗ ಬಿಚ್ಚಿತ್ರಿ. ಇಬ್ಬನಿಗಿ ಸೀರಿ ತೊಯ್ಯಾಕತ್ತಿದ್ದೂ," ಎಂದರು.

ಬೆಳಿಗ್ಗೆ ಗಂಟುಗಳಿಗೆ ಆ ಹೊದಿಕೆ ಹೊದಿಸಿ ಹಗ್ಗ ಕಟ್ಟಿದವನು ನಾನೇ. ಕಂಬಳಿ ಮುಟ್ಟಿದೆ, ಹಿಂಡುವಷ್ಟು ಒದ್ದೆಯಾಗಿತ್ತು. ಅವರು ಬರೀ ಅಂಗಿಯಲ್ಲಿದ್ದರು. ಅದರ ಗುಂಡಿಯನ್ನೂ ಬಿಚ್ಚಿ, ಕೆಂಚಿಯನ್ನು ಎದೆಗೆ ಒತ್ತಿಕೊಂಡಿದ್ದರು. ಇಳಿಯಲು ಗಾಡಿಯ ಅಂಚು ಹಿಡಿಯಹೋದರೆ ಬೆರಳು ಬಗ್ಗುತ್ತಿರಲಿಲ್ಲ.

ಆ ಸೀರೆಗಳಿಗಾಗಿ ಲೋಕಾಪುರದ ಅಂಗಡಿಯವರು ಕಾಯುತ್ತಿದ್ದರು. ಆದರೂ ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಕಾಕಾ ಹೊರಗೆ ಬಂದರು. ಕೆಂಚಿ ಉಳಿದಿತ್ತು. ಮೂರು ಮರಿಗಳಲ್ಲಿ ಒಂದಷ್ಟೇ ಜೀವಂತ. ನಾನು ಕಟ್ಟೆಯಿಂದ ಎದ್ದು ನಿಂತೆ. ಅವರೇ ನನ್ನ ಮುಖ ನೋಡಿ ಹೇಳಿದರು:

"ಅವೆರಡು ರಾತ್ರಿನ ಸತ್ತಿದ್ದುವಂತ್ರಿ. ನಿಮ್ಮ ಗಾಡ್ಯಾಗ ಅಲ್ಲ."

ಡಾಕ್ಟರು ಹಾಗೆ ಹೇಳಿದ್ದರೋ, ಕಾಕಾ ನನಗಾಗಿ ಕಟ್ಟಿ ಹೇಳಿದರೋ, ಇಂದಿಗೂ ತಿಳಿಯದು. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಕಾಕಾ, ಕೆಂಚಿ, ಉಳಿದ ಆ ಮರಿ, ಮೂರೂ ಜೀವ ಊರಿಗೆ ಹೇಗೆ ಮರಳುತ್ತವೆಂದೂ ಕೇಳಲಿಲ್ಲ. ಗಾಡಿ ಹತ್ತಿ ಹೋಗಿಬಿಟ್ಟೆ. ಮುಂದೆ ಅವರು ಕಂಬಳಿ ತಂದಾಗಲೆಲ್ಲ ನಾನು ನಮ್ಮ ಮನೆಯ ಮಗ್ಗದ ಸದ್ದಿನೊಳಗೆ ಸೇರಿಕೊಳ್ಳುತ್ತಿದ್ದೆ. ಹೆಂಡತಿ ಹೋಗಿ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಅವರು ಬರುವುದೇ ನಿಂತಿತು. ಹುನ್ನೂರಿನ ಮಗಳ ಮನೆಯಲ್ಲಿದ್ದಾರೆಂದು ಯಾರೋ ಹೇಳಿದರು.

ಇವತ್ತು ಗಾಜು ಒರೆಸಿಕೊಂಡು ಹುನ್ನೂರಿಗೆ ಹೋದೆ. ಕಾಕಾ ಗೋಡೆಗೆ ಒರಗಿ ಎಳೆಬಿಸಿಲಿಗೆ ಕೂತಿದ್ದರು. ನನ್ನ ಗುರುತು ಹತ್ತಿತು.

"ಕಾಕಾ, ಅವತ್ತ ನಿಮ್ಮನ್ನ ಥಂಡ್ಯಾಗ ಹಿಂದ ಕಳಿಸಿದ್ನಿ. ತಪ್ಪಾತ್ರಿ."

ಅವರು ಮರೆತಿರುತ್ತಾರೆ, 'ಅದೇನ ಬಿಡ್ರಿ' ಎಂದು ನಕ್ಕುಬಿಡುತ್ತಾರೆ ಎಂದುಕೊಂಡೇ ಹೋಗಿದ್ದೆ. ಅವರು ನಗಲಿಲ್ಲ.

"ಹೌದು," ಎಂದರು. "ಅವತ್ತ ಭಾಳ ಥಂಡಿತ್ತು."

ಅಷ್ಟೇ. ಆಮೇಲೆ ಗೋಡೆಯ ಗುಂಟ ಸ್ವಲ್ಪ ಸರಿದು, ಬಿಸಿಲಿದ್ದಲ್ಲಿ ಜಾಗ ಬಿಟ್ಟರು.

"ಬಾ ತಮ್ಮಾ, ಕುಂದ್ರು."

ಕೂತೆ. ಹಾಗೆ ಕೂತಿರುವುದು ಸುಲಭವಾಗಿರಲಿಲ್ಲ. ಜಮಖಂಡಿಯ ಅಂಗಡಿಯಿಂದ ಫೋನು ಎರಡು ಸಲ ಬಂತು. ನಾನು ಏಳಲಿಲ್ಲ.