ಕಾಕಾ ಹೇಳದೇ ಬಿಟ್ಟ ರೇಟು

ಹೋದ ವಾರ ಕಾರಿನ ಡಿಕ್ಕಿ ತೆರೆದಾಗ ಆ ವಾಸನೆ ಬಂತು. ಸೀಮೆಎಣ್ಣೆ, ಸುಟ್ಟ ಆಯಿಲ್ಲು, ಹಳೆಯ ಸೆಣಬು ಎಲ್ಲ ಕೂಡಿದ ವಾಸನೆ. ಜಹೀರಾಬಾದಿನ ಹೈವೇ ಮೇಲಿನ ಕಂಪನಿ ಸರ್ವಿಸ್ ಸೆಂಟರಿನಲ್ಲಿ ನಿಂತಿದ್ದೆ. ಕಾರಿನ ದೊಡ್ಡ ಸರ್ವಿಸ್ ಬಂದಿತ್ತು, ಡಿಕ್ಕಿ ಖಾಲಿ ಮಾಡಿ ಕೊಡಿ ಎಂದಿದ್ದರು. ಕೌಂಟರಿನ ಹುಡುಗಿ ಸ್ಟೆಪ್ನಿಯ ಪಕ್ಕದ ಗೋಣಿಚೀಲವನ್ನು ಎರಡು ಬೆರಳಲ್ಲಿ ಎತ್ತಿ, ಇದನ್ನು ಬಿಸಾಡಲೇ ಮೇಡಂ ಎಂದು ತೆಲುಗಿನಲ್ಲಿ ಕೇಳಿದಳು. ಅವಳ ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡೆ. ಅಷ್ಟು ಸಿಟ್ಟು ಬರುವಂಥದ್ದೇನೂ ಆಗಿರಲಿಲ್ಲ, ಪಾಪ. ಆದರೆ ಕಾರು ಬದಲಾದರೂ ಆ ಚೀಲವನ್ನು ನಾನು ಬದಲಿಸಿರಲಿಲ್ಲ. ಅದು ಕಾಕಾರ ಚೀಲ.

ಕಾಕಾ ಎಂದರೆ ರಕ್ತಸಂಬಂಧದ ಕಾಕಾ ಅಲ್ಲ, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯವರು. ವಯಸ್ಸಿನಲ್ಲಿದ್ದಾಗ ನ್ಯಾಲ್ಕಲ್ ಕಡೆ ಜೀಪು ಓಡಿಸುತ್ತಿದ್ದರಂತೆ. ಒಳಗೆ ಎಷ್ಟು ಜನವೋ ಹೊರಗೆ ಅಷ್ಟೇ ಜನ ಜೋತುಬಿದ್ದಿರುತ್ತಿದ್ದ ಜೀಪು. ನಾನು ಮದುವೆಯಾಗಿ ಈ ಓಣಿಗೆ ಬರುವ ಹೊತ್ತಿಗೆ ಜೀಪು ಮಾರಿ ಮನೆ ಮುಂದಿನ ತಾಂಡೂರು ಕಲ್ಲಿನ ಕಟ್ಟೆ ಹಿಡಿದಿದ್ದರು. ಬಿಳಿ ಧೋತರ, ಮೇಲೊಂದು ಖಾಕಿ ಅಂಗಿ. ಜೀಪು ಬಿಟ್ಟರೂ ಖಾಕಿ ಬಿಟ್ಟಿರಲಿಲ್ಲ.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಗಾಡಿ ದೊಡ್ಡ ರಿಪೇರಿಗೆ ಹೋದರೂ, ಬಿಲ್ ಕೊಡುವ ಮೊದಲು ಕಾಕಾರನ್ನು ಕರೆಯುವುದು. ಊರ ಕೊನೆಯ ತಗಡಿನ ಶೆಡ್ಡಿನ ಮಿಸ್ತ್ರಿಗೂ ಇದು ಗೊತ್ತಿತ್ತು. ಗಾಡಿಯಿಂದ ಬಿಚ್ಚಿದ ಹಳೆಯ ಸಾಮಾನನ್ನು ಆತ ಎಸೆಯುತ್ತಿರಲಿಲ್ಲ. ಕಾಕಾ ತಮ್ಮ ಗೋಣಿಚೀಲವನ್ನು ಬಗಲಲ್ಲಿಟ್ಟುಕೊಂಡು ಹೋಗಿ ನೆಲಕ್ಕೆ ಹಾಸುತ್ತಿದ್ದರು. ಮಿಸ್ತ್ರಿ ಅದರ ಮೇಲೆ ಹಳೆಯ ಸಾಮಾನನ್ನು ಒಂದೊಂದಾಗಿ ಇಡುತ್ತಿದ್ದ. ಕಾಕಾ ಕುಕ್ಕರಗಾಲಲ್ಲಿ ಕೂತು ಬ್ರೇಕಿನ ಪಟ್ಟಿಯ ಮೇಲೆ ಉಗುರು ಎಳೆಯುತ್ತಿದ್ದರು, ಆಯಿಲ್ಲನ್ನು ಬೆರಳಲ್ಲಿ ತಿಕ್ಕಿ ಮೂಸುತ್ತಿದ್ದರು, ಏರ್ ಫಿಲ್ಟರನ್ನು ಕಲ್ಲಿಗೆ ಬಡಿದು ಎಷ್ಟು ಧೂಳು ಬಿತ್ತೆಂದು ನೋಡುತ್ತಿದ್ದರು. ಬಿಲ್ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಕೂಲಿಯನ್ನು ಅವರು ಊಟದಲ್ಲಿ ಅಳೆಯುತ್ತಿದ್ದರು. ಮುಂಜಾನೆ ಶುರುಮಾಡಿ ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ಮುಗಿಯುವುದು ಒಂದು ಊಟದ ಕೆಲಸ. ಸಂಜೆಗೆ ಎಳೆದರೆ ಎರಡು ಊಟದ್ದು. “ಇದು ಒಂದ್ ಊಟದ ಕೆಲ್ಸ ಅದ, ಎರಡ್ ಊಟದ್ದು ಯಾಕ್ ಕೇಳ್ತಿ?” ಎಂದು ಅವರು ಅಂದರೆ ಮಿಸ್ತ್ರಿ ತಲೆ ಕೆರೆದುಕೊಂಡು ಇಳಿಸುತ್ತಿದ್ದ. ಗಾಡಿಯವನು ಜಿಪುಣತನ ಮಾಡಿದರೆ ಅವನನ್ನೂ ಬಿಡುತ್ತಿರಲಿಲ್ಲ, ಮಿಸ್ತ್ರಿಯೂ ಹೊಟ್ಟೆಗೆ ರೊಟ್ಟಿ ತಿನ್ನುತ್ತಾನೆ ಎಂದು ಗದರಿಸಿ ಕೊಡಿಸುತ್ತಿದ್ದರು. ಕೊನೆಗೆ ಎದ್ದು ಧೋತರ ಜಾಡಿಸಿ ಒಂದೇ ಮಾತು ಹೇಳುತ್ತಿದ್ದರು, “ವಾಜಬಿ ಅದ.” ಅಂದರೆ ಇದು ನ್ಯಾಯದ ರೇಟು, ಮುಗಿಯಿತು. ಆಮೇಲೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಈ ನ್ಯಾಯ ಹೇಳಿದ್ದಕ್ಕೆ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಕಪ್ ಚಹಾ. ಅದನ್ನೂ ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಸೊರ್ರೆಂದು ಓಣಿಗೆಲ್ಲ ಕೇಳುವಂತೆ ಕುಡಿಯುತ್ತಿದ್ದರು.

ಓಣಿಯಲ್ಲಿ ಕಾರು ಕಲಿತ ಮೊದಲ ಹೆಂಗಸು ನಾನು. ನಾರಾಯಣಖೇಡದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ, ಬಸ್ಸಿಗೆ ಕಾದು ಕಾದು ಸಾಕಾಗಿ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ನಮ್ಮ ಮನೆಯವರಿಗೆ ಕಾರಿನ ವಿಷಯದಲ್ಲಿ ಬರುತ್ತಿದ್ದದ್ದು ಎಡಗಡೆ ಸೀಟಿನಲ್ಲಿ ನಿದ್ದೆ ಮಾಡುವುದೊಂದೇ. ಗ್ಯಾರೇಜಿಗೆ ಹೆಂಗಸು ಒಬ್ಬಳೇ ಹೋದರೆ ಬಿಲ್ಲಿನ ಬಾಲ ಹೇಗೆ ಬೆಳೆಯುತ್ತದೆ ಎನ್ನುವುದು ಹೋದವರಿಗೇ ಗೊತ್ತು. ಒಮ್ಮೆ ನನ್ನ ಮುಖ ನೋಡಿಯೇ ಕಾಕಾ ತಿಳಿದುಕೊಂಡರು. ಮರುದಿನ ಕೇಳದೇ ಚೀಲ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಅಂದಿನಿಂದ ನನ್ನ ಕಾರಿನ ವಕೀಲರೂ ಅವರೇ, ಜಡ್ಜೂ ಅವರೇ.

ಅವರ ತಿಳಿವಳಿಕೆಯೆಲ್ಲ ನಮ್ಮ ರಸ್ತೆಗಳದ್ದು. ತೊಗರಿ ಸುಗ್ಗಿಯಲ್ಲಿ ರೈತರು ರಸ್ತೆಗೆ ಕಟ್ಟಿಗೆ ಸಮೇತ ಬೆಳೆ ಹಾಸಿ ನಮ್ಮ ಗಾಡಿಗಳಿಂದಲೇ ರಾಶಿ ಮಾಡಿಸಿಕೊಳ್ಳುತ್ತಾರಲ್ಲ, ಆಗ ಹೊಟ್ಟು ಹಾರಿ ರೇಡಿಯೇಟರಿಗೆ ಮೆತ್ತಿಕೊಳ್ಳುತ್ತದೆ. ತಾಂಡೂರಿಗೆ ಹೋಗಿಬಂದ ಗಾಡಿಯ ಫಿಲ್ಟರಿನಲ್ಲಿ ಕಲ್ಲಿನ ಪುಡಿ ತುಂಬಿರುತ್ತದೆ. ಕಂಪನಿಯ ಪುಸ್ತಕಕ್ಕೆ ಇದೆಲ್ಲ ಎಲ್ಲಿ ಗೊತ್ತು ಎಂದು ಕಾಕಾ ನಗುತ್ತಿದ್ದರು. ಒಂದು ಮಾತನ್ನು ಮಾತ್ರ ನಗದೇ ಹೇಳುತ್ತಿದ್ದರು. “ಹೆಚ್ಚಿಗಿ ಕೇಳಾಂವ ಕಳ್ಳ ಇರಬಹುದು ಬೇಟಾ, ಆದ್ರ ಪುಕ್ಕಟ ಮಾಡ್ತೀನಿ ಅನ್ನಾಂವನ ಕಡಿ ಹೋಗಲೇಬ್ಯಾಡ. ಪುಕ್ಕಟ ಅಂಬೋದು ಯಾವತ್ತೂ ವಾಜಬಿ ಅಲ್ಲ.”

ಆಮೇಲೆ ನನ್ನ ಕಾರಿಗೆ ದೊಡ್ಡ ಸರ್ವಿಸ್ ಬಂತು. ಆಗ ಕಂಪನಿಯ ಸೆಂಟರ್ ಹೈವೇಗೆ ಹೊಸದಾಗಿ ಬಂದಿತ್ತು. ಸುಮ್ಮನೆ ಕೇಳಿ ನೋಡೋಣವೆಂದು ಅಲ್ಲಿಗೆ ಹೋದೆ. ಅವರು ಒಂದು ಅಂದಾಜು ಪಟ್ಟಿ ಕೊಟ್ಟರು. ನನ್ನ ಒಂದು ತಿಂಗಳ ಪಗಾರ ಅದರಲ್ಲಿ ಕರಗಿಹೋಗುತ್ತಿತ್ತು. ಪಟ್ಟಿ ತಂದು ಕಾಕಾರ ಮುಂದೆ ಓದಿದೆ. ಅವರು ಮದುವೆ ಊಟದಲ್ಲಿ ಬೇಡದ್ದನ್ನು ಎಲೆಯ ಅಂಚಿಗೆ ಸರಿಸುವವರ ಹಾಗೆ ಒಂದೊಂದನ್ನೇ ಸರಿಸಿದರು. ಇಂಜಿನ್ ತೊಳೆಯುವ ಔಷಧಿ ಬೇಡ, ಎಸಿಗೆ ಸುಗಂಧ ಬೇಡ, ಬಣ್ಣಕ್ಕೆ ಪಾಲಿಶ್ ಬೇಡ. ಅಲ್ಲಿಯವರೆಗೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತು... ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಉಳಿದ ಕೆಲಸಕ್ಕೆ ನಮ್ಮ ಮಿಸ್ತ್ರಿಯ ಹತ್ತಿರವೇ ಹೋದೆವು. ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಎಂದು ಒಂದಿತ್ತು. ಇಂಜಿನ್ನಿನ ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ತಾಳ ತಪ್ಪದಂತೆ ತಿರುಗಿಸುವ ರಬ್ಬರಿನ ಪಟ್ಟಿ ಅದು. ಬೆಲೆಯೂ ಜಾಸ್ತಿ, ಬಿಚ್ಚಿ ಹಾಕುವುದು ಎರಡು ಊಟದ ಕೆಲಸ. ಮಿಸ್ತ್ರಿ ಮೇಲಿನ ಮುಚ್ಚಳ ತೆಗೆದು ತೋರಿಸಿದ. ಕಾಕಾ ಬೆರಳು ಹಾಕಿ ಒತ್ತಿದರು, ಹೊರಳಿಸಿದರು, ಉಗುರು ಎಳೆದರು. ಒಂದು ಬಿರುಕು ಕೂಡ ಇರಲಿಲ್ಲ.

“ಇದಕ್ಕೇನ್ ಆಗ್ಯಾದ? ಹೊಸಾದ್ ಇದ್ದಂಗದ. ಇದನ್ನ ತೆಗ್ಯಾದು ವಾಜಬಿ ಅಲ್ಲ.”

ಕಿಲೋಮೀಟರ್ ಮುಗಿದ ಮೇಲೆ ಬದಲಿಸಲೇಬೇಕು, ಪುಸ್ತಕದಲ್ಲಿ ಹಾಗೇ ಇದೆ ಎಂದು ಮಿಸ್ತ್ರಿ ಉರ್ದುವಿನಲ್ಲಿ ಮೆತ್ತಗೆ ಅಂದ. ಕಾಕಾ ಒಪ್ಪಲಿಲ್ಲ. ಅವರ ಜೀಪಿನಲ್ಲಿ ಆ ಕೆಲಸಕ್ಕೆ ಉಕ್ಕಿನ ಹಲ್ಲುಚಕ್ರಗಳಿದ್ದವು, ಜೀಪು ಮಾರುವವರೆಗೆ ಅವನ್ನು ಯಾರೂ ಮುಟ್ಟಿರಲಿಲ್ಲ. ಸವೆದದ್ದು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು, ಸಿಗದಿದ್ದರೆ ಸಾಮಾನು ಚೆನ್ನಾಗಿದೆ ಎಂದರ್ಥ. ಇದು ಅವರ ಶಾಸ್ತ್ರ. ಮಿಸ್ತ್ರಿ ಮುಚ್ಚಳ ಹಾಕಿಬಿಟ್ಟ. ಕಾಕಾರ ಮಾತಿಗೆ ಎದುರಾಡುವ ರೂಢಿ ಆ ಶೆಡ್ಡಿನಲ್ಲಿ ಇರಲಿಲ್ಲ.

ಒಂದು ಮಳೆಗಾಲ ಕಳೆಯಿತು. ಜೋಳದ ಬಿತ್ತನೆ ಮುಗಿದ ದಿನಗಳು. ಶಾಲೆಯಿಂದ ಬರುತ್ತಿದ್ದಾಗ ನಾರಾಯಣಖೇಡದ ರಸ್ತೆಯಲ್ಲಿ ಕಾರು ಸದ್ದಿಲ್ಲದೇ ನಿಂತುಹೋಯಿತು. ಒಂದು ಕೆಮ್ಮಿಲ್ಲ, ಒಂದು ಹೊಗೆಯಿಲ್ಲ. ಸ್ಟೇರಿಂಗು ಕಲ್ಲಿನ ಹಾಗೆ ಬಿಗಿಯಾಯಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಶೆಡ್ಡಿಗೆ ಬಂದೆ. ಮಿಸ್ತ್ರಿ ಮುಚ್ಚಳ ತೆಗೆದವನೇ ನನ್ನ ಮುಖ ನೋಡಲಿಲ್ಲ. ಬೆಲ್ಟ್ ಹರಿದಿತ್ತು. ಮೇಲಿನ ಭಾಗ ನಿಂತು ಕೆಳಗಿನ ಭಾಗ ತಿರುಗಿ ಒಂದಕ್ಕೊಂದು ಬಡಿದು ಇಂಜಿನ್ ಒಳಗೇ ಮುರಿದುಕೊಂಡಿತ್ತು.

ಎಲ್ಲ ಬಿಚ್ಚಿದ ದಿನ ಎಂದಿನಂತೆ ಕಾಕಾರಿಗೆ ಹೇಳಿಕಳಿಸಿದರು. ಎಂದಿನಂತೆ ಅವರು ಬಂದು ಚೀಲ ಹಾಸಿದರು. ಮಿಸ್ತ್ರಿ ಒಂದೊಂದಾಗಿ ಇಟ್ಟ. ಮುದಿ ಬೆರಳುಗಳ ಹಾಗೆ ಸೊಟ್ಟಗಾದ ವಾಲ್ವುಗಳು, ಪೆಟ್ಟು ತಿಂದ ಪಿಸ್ಟನ್ನು, ಕೊನೆಗೆ ಹರಿದ ಬೆಲ್ಟು. ಓಣಿಯ ಗಂಡಸರು ಒಬ್ಬಿಬ್ಬರು ಬಂದು ನಿಂತಿದ್ದರು. ಬೇರೆ ದಿನವಾದರೆ ತಮಾಷೆ ಮಾಡುತ್ತಿದ್ದವರು. ಕಾಕಾ ಬೆಲ್ಟನ್ನು ಕೈಗೆ ತೆಗೆದುಕೊಂಡರು. ಹರಿದ ತುದಿ ಬಿಟ್ಟರೆ ಉಳಿದದ್ದು ಆಗಲೂ ಹೊಸದರಂತೆಯೇ ಇತ್ತು. ಉಗುರು ಎಳೆದರು. ಮತ್ತೊಮ್ಮೆ ಎಳೆದರು...

ಎಲ್ಲರೂ ಕಾಯುತ್ತಿದ್ದೆವು. ಮಿಸ್ತ್ರಿಯೂ ತನ್ನ ರೇಟನ್ನು ಕಾಕಾರ ಬಾಯಿಗೇ ಬಿಟ್ಟಿದ್ದ.

“ಇದರ ರೇಟ್ ನಾ ಹೇಳಾಂಗಿಲ್ಲ,” ಎಂದರು ಕಾಕಾ. ಎದ್ದು ಹೊರಟರು. ಚೀಲ ಅಲ್ಲೇ ಉಳಿಯಿತು.

ಮರುದಿನ ಮುಂಜಾನೆ ನಮ್ಮ ಮನೆಗೆ ಬಂದರು. ಕೂರಿಸಿ ಚಹಾ ಕೊಟ್ಟೆ. ಬಸಿ ಮುಟ್ಟಲಿಲ್ಲ.

“ನನ್ನ ಮಾತಿಂದ ನಿಂಗ ನುಕ್ಸಾನ ಆತು ಬೇಟಾ. ಅದಕ್ಕ ವಾಜಬಿ ಏನದ, ನೀನೇ ಹೇಳು. ಕೊಡ್ತೀನಿ.”

“ಏನ್ ಮಾತಾಡ್ತೀರಿ ಕಾಕಾ? ನೀವೇನ್ ಬೇಕಂತ ಮಾಡೀರೇನು? ಬಿಡ್ರಿ, ಆದದ್ದು ಆತು.”

“ಹಂಗ ಬಿಡಬ್ಯಾಡ. ಏನಾರೆ ಹೇಳು.”

“ನಿಮ್ಮ ಕಡಿಂದ ನಾ ರೊಕ್ಕ ಇಸ್ಕೋತೀನೇನ್ರಿ? ಏನೂ ಬ್ಯಾಡ.”

ಕಾಕಾ ತಲೆ ಎತ್ತಿ ನನ್ನನ್ನು ನೋಡಿದರು. ಬೈಸಿಕೊಳ್ಳಲು ತಯಾರಾಗಿ ಬಂದವರಿಗೆ ಬೈಗುಳವೂ ಸಿಗಲಿಲ್ಲ. ಯಾವುದನ್ನು ಅವರು ಜೀವನವಿಡೀ ನಂಬಬೇಡಿ ಎಂದಿದ್ದರೋ ಆ ಪುಕ್ಕಟವನ್ನೇ ನಾನು ಅವರ ಕೈಗೆ ಕೊಟ್ಟಿದ್ದೆ. ನುಕ್ಸಾನ ತುಂಬಿಕೊಡುವುದು ಬಿಟ್ಟರೆ ಅವರಿಗೆ ತಮ್ಮ ಮಾತನ್ನು ಉಳಿಸಿಕೊಳ್ಳಲು ಬೇರೆ ದಾರಿಯೇ ಇರಲಿಲ್ಲ ಎನ್ನುವುದು ಅವರು ಮೆಟ್ಟಿಲಿಳಿದು ಹೋಗುವಾಗ ಅವರ ಬೆನ್ನು ನೋಡಿ ನನಗೆ ತಿಳಿಯಿತು. ನಾನು ಇನ್ನೇನು ಹೇಳಬಹುದಿತ್ತು? ಅವರಿಂದ ದುಡ್ಡು ತೆಗೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಕಪ್ಪಿನಲ್ಲಿನ ಚಹಾ ಕೆನೆಗಟ್ಟಿತು.

ಆಮೇಲೆ ಕಟ್ಟೆ ಖಾಲಿಯಾಯಿತು. ಯಾರಾದರೂ ಗಾಡಿ ನೋಡಲು ಕರೆದರೆ ಕಣ್ಣು ಕಾಣುವುದಿಲ್ಲ ಎಂದು ಒಳಗಿಂದಲೇ ಹೇಳಿಸುತ್ತಿದ್ದರು. ಓಣಿಯ ತುದಿಯಿಂದ ಬಸ್ಸಿನ ಬೋರ್ಡು ಓದುತ್ತಿದ್ದ ಕಣ್ಣು ಅದು. ಮೊದಮೊದಲು ಜನ ಒತ್ತಾಯ ಮಾಡಿದರು, ಆಮೇಲೆ ಬಿಟ್ಟರು. ಜಗಳವೇ ಬೇಡವೆಂದು ಒಬ್ಬೊಬ್ಬರಾಗಿ ಹೈವೇ ಮೇಲಿನ ಸೆಂಟರಿಗೆ ಹೋಗತೊಡಗಿದರು. ಗಿರಾಕಿಯಿಲ್ಲದ ಮಿಸ್ತ್ರಿ ಶೆಡ್ಡಿಗೆ ಬೀಗ ಹಾಕಿ ತಾಂಡೂರಿಗೆ ಹೋದ, ಕಲ್ಲಿನ ಲಾರಿಗಳ ರಿಪೇರಿಗೆ. ಹೋಗುವ ಮುನ್ನ ಚೀಲವನ್ನು ರಿಪೇರಿಯಾದ ನನ್ನ ಕಾರಿನ ಡಿಕ್ಕಿಯಲ್ಲಿಟ್ಟು, ಕಾಕಾರಿಗೆ ಕೊಡಿ ಎಂದ. ಕೊಡಲು ಹೋದೆ. ಕಾಕಾ ಅದನ್ನು ನೋಡಿ, ನಿನ್ನ ಹತ್ತಿರವೇ ಇರಲಿ ಎಂದು ಮುಖ ತಿರುಗಿಸಿದರು. ಮುಂದಿನ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಆಗ ನಾನು ಪರೀಕ್ಷೆಯ ಕೆಲಸಕ್ಕೆಂದು ಕಂಗ್ಟಿಯಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮೊನ್ನೆ ಸರ್ವಿಸ್ ಮುಗಿದು ಕಾರು ತರಲು ಹೋದೆ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಮೊಬೈಲಿಗೆ ಬಂದ ಉದ್ದನೆಯ ಬಿಲ್ಲು. ಆಗ ಕಾಕಾ ಅಂಚಿಗೆ ಸರಿಸಿದ್ದವೆಲ್ಲ ಹೊಸ ಹೆಸರು ಹೊತ್ತು ಮತ್ತೆ ಎಲೆಯ ನಡುವೆ ಬಂದು ಕೂತಿದ್ದವು. ಬೇಡ ಎನ್ನಲು ಬಾಯಿ ತೆರೆದೆ, ನಾರಾಯಣಖೇಡದ ರಸ್ತೆ ನೆನಪಾಗಿ ಮುಚ್ಚಿದೆ. ಯಾವುದು ಬೇಕು ಯಾವುದು ಬೇಡ ಎಂದು ನನಗೇನು ಗೊತ್ತು? ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಕಲಿಸುವವಳು ಅಷ್ಟನ್ನೂ ಕಟ್ಟಿದೆ. ಬಿಚ್ಚಿದ ಹಳೆಯ ಸಾಮಾನು ಕೊಡಿ ಎಂದೆ. ಎಲ್ಲ ಗುಜರಿಗೆ ಹೋಯಿತು ಎಂದರು. ಮತ್ತೆ ಮತ್ತೆ ಕೇಳಿದ್ದಕ್ಕೆ ಹುಡುಗಿ ಒಳಗೆ ಹೋಗಿ ಹಳೆಯ ಟೈಮಿಂಗ್ ಬೆಲ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದುಕೊಟ್ಟಳು. ಈ ಟೀಚರಿಗೆ ತಲೆ ಸರಿಯಿಲ್ಲ ಎಂದು ಅಂದುಕೊಂಡಿರಬೇಕು.

ಮನೆಗೆ ಬಂದು ಕಾಕಾರ ಕಟ್ಟೆಯ ಮೇಲೆ ಚೀಲ ಹಾಸಿದೆ. ಆ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ಯಾರೂ ಏನೂ ಕೇಳಲಿಲ್ಲ. ಬೆಲ್ಟನ್ನು ಚೀಲದ ಮೇಲಿಟ್ಟು ಒತ್ತಿ ನೋಡಿದೆ, ಹೊರಳಿಸಿದೆ, ಉಗುರು ಎಳೆದೆ. ಒಂದು ಬಿರುಕೂ ಇಲ್ಲ. ಆಗಿನದೂ ಹೀಗೇ ಇತ್ತು. ಇದು ಇನ್ನೂ ವರ್ಷಗಟ್ಟಲೆ ಓಡುತ್ತಿತ್ತೋ, ನಾಳೆಯೇ ಹರಿಯುತ್ತಿತ್ತೋ, ನಾನು ಕೊಟ್ಟದ್ದು ನ್ಯಾಯದ ರೇಟೋ ಅಲ್ಲವೋ, ಹೇಳುವವರು ನಮ್ಮ ಓಣಿಯಲ್ಲಿ ಯಾರೂ ಉಳಿದಿಲ್ಲ. ಕಾಕಾ ಬದುಕಿದ್ದಿದ್ದರೂ ಹೇಳುತ್ತಿರಲಿಲ್ಲ. ಬೆಲ್ಟನ್ನು ಚೀಲದೊಳಗೆ ಸುತ್ತಿ ಮತ್ತೆ ಡಿಕ್ಕಿಯಲ್ಲಿಟ್ಟೆ.