ಹಲಗೆಯ ಮೇಲಿನ ಏಳು ಮುಖಗಳು

“ಈ ಮನ್ಯಾಗ ಹೆಣ್ಣಹುಡುಗಿ ಡಿಗ್ರಿ ಮುಗಸೂದು ಆಗೂ ಮಾತಲ್ಲ ಬಿಡು” ಎಂದವರು ನನ್ನ ದೊಡ್ಡಪ್ಪ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮನೆಗೆ ಅವರೇ ಹಿರಿಯರು. ಇವತ್ತಿಗೂ ಯಾರಾದರೂ ಹಳೆಯ ಪತ್ರಿಕೆಯಲ್ಲಿ ಬಿಸಿ ಭಜಿ ಕಟ್ಟಿಕೊಟ್ಟರೆ, ಎಣ್ಣೆ ಹೀರಿದ ಆ ಕಾಗದದ ವಾಸನೆಗೆ ನಮ್ಮೂರು ಹೊರ್ತಿಯ ಅಡುಗೆಮನೆ ಎದ್ದು ಬರುತ್ತದೆ. ಹೊಗೆ ಹಿಡಿದ ಗೋಡೆ, ರೊಟ್ಟಿ ಬಡಿಯುವ ಸದ್ದು, ಹಲಗೆಗಳ ಮೇಲೆ ಸಾಲು ಡಬ್ಬಿ. ಯುಗಾದಿಗೊಮ್ಮೆ ಅವ್ವ ಆ ಹಲಗೆಗಳನ್ನು ತೊಳೆದು, ಕಿರಾಣಿ ಅಂಗಡಿಯ ರದ್ದಿ ಪತ್ರಿಕೆ ಹಾಸಿ, ಮುಂದೆ ಇಳಿಬಿಟ್ಟ ಅಂಚನ್ನು ಕತ್ತರಿಯಿಂದ ತೋರಣದಂತೆ ಕತ್ತರಿಸುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಹಾಸುವ ಮೊದಲು ಪ್ರತಿ ಹಾಳೆಯನ್ನೂ ನನ್ನಿಂದ ಓದಿಸುತ್ತಿದ್ದಳು.

ಅದು ಎರಡು ಸಾವಿರದ ಮೂರನೇ ಇಸವಿ. ನಾನು ಐದನೇ ಇಯತ್ತೆ. ಸಾಲಿಯ ಪ್ರಾರ್ಥನೆಯ ಹೊತ್ತಿನಲ್ಲಿ ಸುದ್ದಿ ಓದುವ ಕೆಲಸ ನನ್ನದು. ಆ ವರ್ಷವೆಲ್ಲ ಅಮೆರಿಕದ್ದೇ ಸುದ್ದಿ. ಆಕಾಶದಿಂದ ಮರಳುತ್ತಿದ್ದ ನೌಕೆ ನೆಲ ಮುಟ್ಟುವ ಮೊದಲೇ ಚೂರಾಯಿತು, ಏಳೂ ಜನ ಸತ್ತರು ಎಂದು ಫೆಬ್ರುವರಿಯಲ್ಲಿ ಓದಿದ್ದು ನಾನೇ. ಅವರಲ್ಲೊಬ್ಬಳು ನಮ್ಮ ದೇಶದಲ್ಲಿ ಹುಟ್ಟಿದವಳು. ಮನೆಯಲ್ಲಿ ಹೇಳಲಿಲ್ಲ. ಏಳನೆಯದಾದ ಮೇಲೆ ನನ್ನ ಸಾಲಿ ಬಿಡಿಸುವುದೆಂದು ದೊಡ್ಡಪ್ಪ ಹೇಳಿಯಾಗಿತ್ತು. ಬೇಡವೆನ್ನಲು ಇದ್ದವಳು ಅವ್ವ ಒಬ್ಬಳೇ. ಅವಳೂ ಹೆದರಿದರೆ ನನ್ನ ಓದು ಅಲ್ಲಿಗೇ ಮುಗಿದಂತೆ.

ಯುಗಾದಿಗೆ ರದ್ದಿಯಲ್ಲಿ ಬಂದದ್ದು ಜನವರಿಯ ಪತ್ರಿಕೆ. ಅದರಲ್ಲಿ ಅದೇ ಏಳು ಜನ, ಹಾರುವ ಮುಂಚಿನ ನಗುಮುಖಗಳು.

“ಈ ಹೆಣ್ಣಮಗಳು ಯಾರವ್ವಾ?” ಎಂದು ಅವ್ವ ಕೇಳಿದಳು.

“ನಮ್ಮ ದೇಶದಾಕಿನ. ಸಾಲಿ ಕಲ್ತು ಆಕಾಶಕ್ಕ ಹೋಗ್ಯಾಳ.”

“ಯವ್ವಾ! ನಾ ಇಂಡಿ ಸಂತಿಗೆ ಹೋಗಬೇಕಂದ್ರ ನಿಮ್ಮ ದೊಡ್ಡಪ್ಪನ್ನ ಕೇಳಬೇಕು!” ಎಂದು ನಕ್ಕಳು. ಆಮೇಲೆ ಕತ್ತರಿ ಕೆಳಗಿಟ್ಟು ಕೇಳಿದಳು: “ಮತ್ತ, ಇಳದ್ಲ?”

“ಇಳದಾಳವ್ವಾ. ಅರಾಮ ಇಳದಾಳ.”

ಅವ್ವ ನನ್ನ ಮುಖವನ್ನೇ ನೋಡಿದಳು. ಆ ಹಾಳೆಯನ್ನು ನಡುವಿನ ಹಲಗೆಗೆ ಹಾಸಿದಳು.

ಅಮೆರಿಕ ಇರಾಕಿನ ಮೇಲೆ ಬಾಂಬು ಸುರಿಯಿತು, ಓದಿದೆ. ಶ್ರಾವಣದ ಹೊತ್ತಿಗೆ ಅದೇ ಅಮೆರಿಕದ ದೊಡ್ಡ ದೊಡ್ಡ ಊರುಗಳೆಲ್ಲ ಕರೆಂಟು ಹೋಗಿ ಒಮ್ಮೆಲೇ ಕತ್ತಲಾದವು. ಆಗ ದೊಡ್ಡಪ್ಪ, “ಅವರ್ನ ಹೊರ್ತಿಗೆ ಕಳಸ್ರಿ, ಕಂದೀಲ ಹಚ್ಚೂದು ಕಲಸ್ತೇನಿ” ಎಂದು ಬಿದ್ದುಬಿದ್ದು ನಕ್ಕರು. ಸಿನಿಮಾದ ಪೈಲ್ವಾನನೊಬ್ಬ ಅಲ್ಲೊಂದು ರಾಜ್ಯ ಆಳಲು ಚುನಾವಣೆ ಗೆದ್ದ. ಮುಂದಿನ ಯುಗಾದಿಗಳಲ್ಲಿ ಅವೆಲ್ಲ ಡಬ್ಬಿಗಳ ಕೆಳಗೆ ಬಂದವು, ಹೋದವು. ನಡುವಿನ ಹಲಗೆಯ ಹಾಳೆ ಮಾತ್ರ ಬದಲಾಗಲಿಲ್ಲ. ನನ್ನ ಸಾಲಿಯ ಮಾತು ಬಂದಾಗಲೆಲ್ಲ ಅವ್ವ ಹಿಟ್ಟು ಮೆತ್ತಿದ ಬೆರಳಿನಿಂದ ಅದನ್ನೇ ತೋರಿಸುತ್ತಿದ್ದಳು. “ಆಕಿ ಆಕಾಶಕ್ಕ ಹೋಗಿ ಬಂದಾಳ್ರೀ ಭಾವಾರ. ನನ್ನ ಮಗಳು ಇಂಡಿ ಸಾಲಿಗೆ ಹೋಗಿ ಬರೂದಿಲ್ಲೇನ್ರಿ?” ದೊಡ್ಡಪ್ಪ ಆ ಹಾಳೆ ನೋಡಿ ಹೊರಗೆ ಹೋಗುತ್ತಿದ್ದರು. ಆಕೆ ಸತ್ತ ಸುದ್ದಿ ಅವರಿಗೆ ಮುಟ್ಟಿಲ್ಲವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಇಂಡಿಗೆ ಹೋಗುವ ಬಸ್ಸಿನಲ್ಲಿ ನಿಂತು ನಿಂತೇ ಬಿ.ಎ. ಓದಿದೆ. ಎರಡನೇ ವರ್ಷದಲ್ಲಿದ್ದಾಗ ಕಾಮಾಲೆ ಬಂದು ಹದಿನೈದೇ ದಿನಕ್ಕೆ ಅವ್ವ ಹೋದಳು. ಮನೆ ಪಾಲಾಯಿತು, ಅಡುಗೆಮನೆ ಕೆಡವಿದರು, ಹಲಗೆಗಳು ಯಾರದೋ ಒಲೆ ಸೇರಿದವು. ಕಾಗದದ ಒಂದು ಚೂರೂ ನನಗೆ ಉಳಿಯಲಿಲ್ಲ. ನಿಮ್ಮ ಮನೆಗಳಲ್ಲೂ ಇಂಥ ಹಲಗೆಗಳಿದ್ದವು. ಏನು ಸುಟ್ಟಿತೆಂದು ನಿಮಗೆ ಹೇಳಬೇಕಿಲ್ಲ.

ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ತೋರಿಸಬೇಕಾದವಳು ಇರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನ ಕೈಗೆ ಸರ್ಟಿಫಿಕೇಟು ಕೊಟ್ಟೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಸವರಿದರು.

“ಆಕಾಶಕ್ಕ ಹೋದಾಕಿ ಇಳೀಲಿಲ್ಲ ಅಂತ ಝಳಕಿ ಊರಾಗ ಟಿವಿ ನೋಡಿ ಬಂದು ನಾನ ನಿಮ್ಮವ್ವಗ ಹೇಳಿದ್ದೆ, ಸುದ್ದಿ ಬಂದ ದಿನಾನ. ಆ ಹಾಳಿ ಹಾಸಿದ ಮ್ಯಾಲ ನನ್ನ ಕಡೆ ಬಂದು, ‘ಭಾವಾರ, ಆಕಿ ಇಳದಾಳಂತ ಹುಡುಗಿ ತಿಳಕೊಂಡೈತಿ. ನಿಮ್ಮ ಕಾಲ ಬೀಳ್ತೇನಿ, ಅದರ ಮುಂದ ಅನಬ್ಯಾಡ್ರಿ, ಅಂಜಿ ಸಾಲಿ ಬಿಟ್ಟೀತು’ ಅಂದ್ಲವ್ವಾ.”