ಅದು ಲಾರಿಯಲ್ಲ

ಲಾಕ್‌ಡೌನಿನಲ್ಲಿ ನಿಂತಿದ್ದ ಬಸ್ಸು ಮತ್ತೆ ಬಿಟ್ಟಿದ್ದರು. ಬಿಟ್ಟಿಲ್ಲ ಎಂದು ನಾನು ಅಕ್ಕನಿಗೆ ಸುಳ್ಳು ಹೇಳಿದೆ. ಅವಳನ್ನು ದವಾಖಾನೆಗೆ ಕರೆದೊಯ್ಯಬೇಕಾದವನು ನಾನೊಬ್ಬನೇ — ಹೋಗಲಿಲ್ಲ.

ಕೊರೋನಾ ಬಂದ ವರ್ಷ ಅದು. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ನಾನು ಹಮಾಲಿ. ಮಿಲ್ಲು ಬಂದ್ ಆಗಿ, ರೇಷನ್ ಅಕ್ಕಿಯ ಮೇಲೆ ದಿನ ದೂಡುತ್ತಿದ್ದೆ. ಅಕ್ಕ ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ. ಗಂಡ ಇಲ್ಲ, ಮಕ್ಕಳಿಲ್ಲ, ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ದೇವದುರ್ಗದಲ್ಲಿ ಅವ್ವ ಸತ್ತಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಂದು ದಿನ ಅವಳ ಫೋನು ಬಂತು.

"ಲೇ ತಮ್ಮಾ, ಕಾಲಾಗಿನ ಗಾಯ ಒಣಗವಲ್ದು. ರಾಯಚೂರು ದವಾಖಾನಿಗೆ ತೋರಿಸ್ಬೇಕು. ಬಸ್ ಬಿಟ್ಟಾರೇನು?"

"ಇನ್ನಾ ಬಿಟ್ಟಿಲ್ಲ ಯಕ್ಕಾ."

ನನ್ನ ಮನೆ ರಸ್ತೆ ಬದಿಗೇ ಇದೆ. ಅಷ್ಟರಲ್ಲೇ ಮಾನ್ವಿಗೆ ಹೊರಟ ಬಸ್ಸು ಹಾರನ್ ಹೊಡೆಯಿತು.

"ಮತ್ತ ಅದೇನು ಸಪ್ಪಳ?"

"ಲಾರಿ ಅದು. ಅಕ್ಕಿ ಲೋಡು."

ಅವಳು ನಂಬಿದಳು.

ಆ ದಿನಗಳಲ್ಲಿ ಯಾರ ಫೋನು ಬಂದರೂ ನನಗೆ ಮೊದಲು ಬರುತ್ತಿದ್ದದ್ದು ಅನುಮಾನ — ರೊಕ್ಕ ಕೇಳುತ್ತಾರೆ, ಇಲ್ಲವೇ ರೋಗ ತರುತ್ತಾರೆ. ಅಕ್ಕ ಕುರಿ ಮಾರಿದ್ದು ಗೊತ್ತಿತ್ತು. ಆ ರೊಕ್ಕವನ್ನು ಎಲೆಅಡಿಕೆಯ ಸಂಚಿಯಲ್ಲಿ ಬಚ್ಚಿಟ್ಟುಕೊಂಡು ಖರ್ಚು ನನ್ನ ತಲೆಗೆ ಕಟ್ಟುತ್ತಾಳೆ ಎಂದುಕೊಂಡೆ. ಹೆಂಡತಿ ಕಿವಿ ಊದಿದಳು ಎನ್ನಬಹುದಿತ್ತು. ಅವಳು ಏನೂ ಅಂದಿರಲಿಲ್ಲ.

ಜ್ವರ ಏರಿ ಬಡಬಡಿಸುತ್ತಿದ್ದಾಳೆ ಎಂದು ಅಕ್ಕನ ಪಕ್ಕದ ಮನೆಯವರು ಹೇಳಿಕಳಿಸಿದ ಮೇಲೆ ಹೋದೆ. ಮಾನ್ವಿಯವರೆಗೆ ಹೋದದ್ದು ಅದೇ ಬಸ್ಸಿನಲ್ಲಿ. ಮನೆಯೊಳಗೆ ಗಾಯ ಕೊಳೆತ ವಾಸನೆ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ತಲೆದೆಸೆಯಲ್ಲಿ ಸಂಚಿ. ಹೆಣ್ಣುಮಕ್ಕಳ ಸಂಚಿಗೆ ನಮ್ಮಲ್ಲಿ ಗಂಡಸರು ಕೈ ಹಾಕುವುದಿಲ್ಲ. ನಾನು ಹಾಕಿದೆ. ಆ ಹೊತ್ತಿನಲ್ಲೂ — ಅವಳ ಹಣೆ ಮುಟ್ಟುವ ಮೊದಲು.

ರೊಕ್ಕ ಇರಲಿಲ್ಲ. ಅಡಿಕೆ ಚೂರಿನ ನಡುವೆ ಅರ್ಧ ಅರ್ಧ ಮುರಿದ ಗುಳಿಗೆಗಳಿದ್ದವು.

ಅವಳು ಕಣ್ಣು ಬಿಟ್ಟಿದ್ದಳು. ಸಂಚಿ ನನ್ನ ಕೈಯಲ್ಲೇ ಇತ್ತು.

"ಸರಕಾರದವ್ರು ಪುಗಸಟ್ಟೆ ಸಕ್ರಿ ಗುಳಿಗಿ ಕೊಡೋದು ನಿಂತೋತಲೇ. ಅಂಗಡ್ಯಾಗ ತಗೊಂಡ್ನಿ, ಕುರಿ ರೊಕ್ಕೆಲ್ಲಾ ಅದಕ್ಕ ಹೋತು. ಬಸ್ ಬಿಡೋಮಟ ಬರ್ಲಿ ಅಂತ ಅರ್ಧ ಮಾಡಿ ನುಂಗೀನಿ."

ಬಸ್ಸು ಬಿಡುವತನಕ.

ರಾಯಚೂರಿನಲ್ಲಿ ಮೊಣಕಾಲ ಕೆಳಗೆ ಕಾಲು ತೆಗೆದರು. ಮುಂಚೆ ಯಾಕೆ ತರಲಿಲ್ಲ ಎಂದು ಡಾಕ್ಟರು ಕೇಳಿದಾಗ ಅಕ್ಕನೇ ನನ್ನ ಪರವಾಗಿ ಹೇಳಿದಳು, "ಬಸ್ ಇದ್ದಿಲ್ರೀ ಸಾಹೇಬ್ರ." ನಾನು ತಲೆಯಾಡಿಸಿದೆ.

ಈಗ ಅವಳು ನಮ್ಮ ಮನೆಯಲ್ಲೇ ಇದ್ದಾಳೆ. ಮಂಚ ಬಾಗಿಲ ಬಳಿ; ಹೋಗುವ ಬರುವ ಬಸ್ಸುಗಳೆಲ್ಲ ಕಾಣುತ್ತವೆ. ಒಂದು ದಿನ ನಗುತ್ತ ಅಂದಳು, "ನಿಮ್ಮೂರ ಲಾರಿ ಭಾಳ ಮಂದಿನ್ನ ಹತ್ತಿಸ್ಕೊಂಡು ಹೋಗ್ತಾವ ಬಿಡಲೇ ತಮ್ಮಾ."

ಚೇಷ್ಟೆಯೋ, ಎಲ್ಲ ತಿಳಿದೇ ಅಂದಳೋ... ಅಂದಿನಿಂದ ಅವಳ ಒಂದೊಂದು ಮಾತನ್ನೂ ತಿರುವಿ ತಿರುವಿ ನೋಡತೊಡಗಿದೆ. ಅವಳು ಚಹಾ ಕೇಳಿದರೂ ಅದರಲ್ಲಿ ಬೇರೇನೋ ಇದೆ ಅನಿಸುತ್ತಿತ್ತು. ಅವಳನ್ನು ಅನುಮಾನಿಸುವುದನ್ನು ನಾನು ಇನ್ನೂ ಬಿಟ್ಟಿರಲಿಲ್ಲ.

ಮೊನ್ನೆ ಅವಳ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಹೊರಗೆ ಹಾರನ್ ಆಯಿತು. ನನ್ನ ಕೈ ನಿಂತಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಕ್ಕಾ, ಅವತ್ತು ಫೋನಿನ್ಯಾಗ ಕೇಳಿದ್ದು ಲಾರಿ ಅಲ್ಲ. ಬಸ್ಸು. ನನಗ ಗೊತ್ತಿತ್ತು. ತಪ್ಪಾತು ಯಕ್ಕಾ... ನಂದ ತಪ್ಪು."